ಶರಾವತಿ ಹಿನ್ನೀರಲ್ಲಿ ಉಳಿಯೋಕೆ ಟೆಂಟ್, ಕ್ಯಾಬಿನ್, ಕ್ಯಾರವಾನ್: ಮೂರನ್ನೂ ನೋಡಿದ ಮೇಲೆ

ನಮ್ಮದು ಶಿವಮೊಗ್ಗ. ಸಾಗರಕ್ಕೆ ಇಲ್ಲಿಂದ ಸುಮಾರು 70 ಕಿಲೋಮೀಟರ್. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋದರೆ ಶರಾವತಿ ಹಿನ್ನೀರು. ಒಂದೇ ವರ್ಷದೊಳಗೆ ಮೂರು ಸಲ ಅಲ್ಲಿ ರಾತ್ರಿ ಉಳಿದು ಬಂದೆವು. ಏಪ್ರಿಲ್‌ನಲ್ಲಿ ಮರದ ಕ್ಯಾಬಿನ್, ದಸರಾ ರಜೆಯಲ್ಲಿ ಬಾಡಿಗೆ ಕ್ಯಾರವಾನ್ (ಒಳಗೇ ಮಲಗಬಹುದಾದ ಗಾಡಿ), ಡಿಸೆಂಬರ್‌ನಲ್ಲಿ ಟೆಂಟ್. ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ. ಮೂರರಲ್ಲಿ ಯಾವುದು ಒಳ್ಳೆಯದು ಅಂತ ಪರಿಚಯದವರು ಕೇಳ್ತಾರೆ. ಯಾವ ತಿಂಗಳು ಹೋಗ್ತೀರಿ ಅಂತ ನಾನು ಮೊದಲು ಕೇಳುತ್ತೇನೆ.

ಯಾಕೆ ಅಂದರೆ ಇದು ಕೆರೆಯಲ್ಲ, ಲಿಂಗನಮಕ್ಕಿ ಅಣೆಕಟ್ಟಿನ ನೀರು. ಅಲ್ಲಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಮುಗಿಯುವಾಗ ನೀರು ಅದರ ಹತ್ತಿರ ಇರುತ್ತದೆ. ಆಮೇಲೆ ಕರೆಂಟಿಗಾಗಿ ಬಿಡುತ್ತಾ ಬಿಡುತ್ತಾ ಬೇಸಿಗೆಗೆ ಎಷ್ಟೋ ಅಡಿ ಇಳಿದಿರುತ್ತದೆ. ದಡ ಇಳಿಜಾರು ಕಡಿಮೆ ಇರುವ ಕಡೆ, ನೀರು ಒಂದು ಅಡಿ ಇಳಿದರೂ ಅಂಚು ತುಂಬಾ ದೂರ ಸರಿಯುತ್ತದೆ. ನಾವು ಕ್ಯಾಬಿನ್ ಬುಕ್ ಮಾಡಿದ್ದು ಫೋಟೊ ನೋಡಿ. ಫೋಟೊದಲ್ಲಿ ಜಗಲಿಯ ಮೆಟ್ಟಿಲ ಬುಡಕ್ಕೇ ನೀರು. ಏಪ್ರಿಲ್‌ನಲ್ಲಿ ಹೋಗಿ ನಿಂತಾಗ ಎದುರಿಗೆ ಇದ್ದದ್ದು ಕೆಂಪು ಮಣ್ಣು, ಒಡೆದ ಹೂಳು, ಕಪ್ಪಗಾದ ಮರದ ಬುಡಗಳು. ಮಗಳು ಹೆಜ್ಜೆ ಎಣಿಸಿದಳು. ನೀರಿಗೆ ನಾನೂರ ಹನ್ನೆರಡು ಹೆಜ್ಜೆ. ಕೊನೆಯ ಮೂವತ್ತು ಹೆಜ್ಜೆ ಮೊಣಕಾಲುದ್ದ ಕೆಸರು, ಹಾಗಾಗಿ ಮುಟ್ಟಲಿಕ್ಕೂ ಆಗಲಿಲ್ಲ. ಬುಕ್ ಮಾಡುವಾಗ ಒಂದು ಮಾತು ಹೇಳಬಹುದಿತ್ತಲ್ವಾ ಅಂತ ಬೇಜಾರಾಯಿತು.

ಹಾಗಂತ ಆ ಸಲ ಸುಮ್ನೆ ವ್ಯರ್ಥ ಆಗಲಿಲ್ಲ. ನೀರು ಇಳಿದಾಗ ಮಾತ್ರ ಕಾಣುವುದು ಒಂದಿದೆ, ಮಡೆನೂರಿನ ಹಳೇ ಅಣೆಕಟ್ಟು. ಹಿರೇಭಾಸ್ಕರ ಅಣೆಕಟ್ಟು ಅಂತಲೂ ಹೇಳುತ್ತಾರೆ. 1948ರಲ್ಲಿ ಮುಗಿದದ್ದು. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದೇ ಮುಳುಗಿತು. ಕಲ್ಲಿನ ಗೋಡೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನು ನೋಡಬೇಕು ಅನ್ನುವವರು ಬೇಸಿಗೆಯಲ್ಲೇ ಹೋಗಬೇಕು.

ಕ್ಯಾಬಿನ್ ಒಳಗಿನ ಸುಖಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮಂಚ, ಬಚ್ಚಲು, ಬೆಳಿಗ್ಗೆ ಹಂಡೆಯಲ್ಲಿ ಕಾದ ನೀರು. ಅತ್ತೆಗೆ ರಾತ್ರಿ ಎರಡು ಸಲ ಏಳಬೇಕಾಗುತ್ತದೆ, ನಾಲ್ಕು ಹೆಜ್ಜೆಯಲ್ಲಿ ಬಚ್ಚಲು ಸಿಕ್ಕಿತು. ಊಟ ಆ ಮನೆಯವರದ್ದೇ. ಅಪ್ಪೆಮಿಡಿ ಕಾಲ, ಅಪ್ಪೆಹುಳಿ ಮಾಡಿದ್ದರು. ಅಂಗಳದಲ್ಲಿ ಚಾಪೆ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಮಗಳಿಗೆ ಕಾಗೆ ಓಡಿಸುವ ಕೆಲಸ ಸಿಕ್ಕಿತು. ಮಳೆಗಾಲದಲ್ಲಿ ಮರದ ಕ್ಯಾಬಿನ್ ತೆಗೆದುಕೊಳ್ಳುವವರು ಮಾತ್ರ ಎರಡು ವಿಷಯ ಕೇಳಿಕೊಳ್ಳಿ. ಹಾಸಿಗೆ ಬಿಸಿಲಿಗೆ ಹಾಕುತ್ತಾರಾ, ಕರೆಂಟ್ ಹೋದರೆ ಏನು ವ್ಯವಸ್ಥೆ. ಆರಿದ್ರಾ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲದಿರುವುದು ಮಲೆನಾಡಿನಲ್ಲಿ ಹೊಸದಲ್ಲ. ಗೋಡೆಗೆ ಬೂಷ್ಟು ಹಿಡಿದ ಕೋಣೆಯಲ್ಲಿ ಉಬ್ಬಸ ಇದ್ದವರು ಮಲಗಬಾರದು.

ಕ್ಯಾರವಾನ್ ತಂದದ್ದು ಅತ್ತೆಗಾಗಿ. ಅವರ ತವರು ಹಿನ್ನೀರಿನ ಆಚೆ ದಡದ ತುಮರಿ ಕಡೆ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕಾದು ಬೆಳೆದವರು. 2025ರ ಜುಲೈ 14ರಂದು ಅಲ್ಲಿ ಹಿನ್ನೀರು ದಾಟುವ ಸೇತುವೆ ತೆರೆದ ಮೇಲೆ ಒಮ್ಮೆ ಅದರ ಮೇಲೆ ಹೋಗಬೇಕು ಅನ್ನುತ್ತಿದ್ದರು. ನಡುವೆ ಮಲಗಲು ಜಾಗ, ಜೊತೆಗೇ ಶೌಚಾಲಯ, ಹೀಗಾಗಿ ಕ್ಯಾರವಾನೇ ಸರಿ ಅನಿಸಿತು. ಸೇತುವೆ ಮೇಲೆ ಡ್ರೈವರಿಗೆ ನಿಧಾನ ಹೋಗಲು ಹೇಳಿದೆವು. ಅತ್ತೆ ಕಿಟಕಿಗೆ ಕೈಯಿಟ್ಟು ನೀರನ್ನೇ ನೋಡುತ್ತಿದ್ದರು. "ಬಸುರಿಯರನ್ನ ರಾತ್ರಿ ಹೆಂಗೆ ದಾಟಿಸ್ತಿದ್ರು ಗೊತ್ತಾ?" ಅಂದರು. ಆಮೇಲೆ ಸಿಗಂದೂರು ಬರುವವರೆಗೆ ಮಾತಿಲ್ಲ. ಆ ಹತ್ತು ನಿಮಿಷಕ್ಕೆ ಕೊಟ್ಟ ಬಾಡಿಗೆ ಎಲ್ಲಾ ಸಾರ್ಥಕ.

ನೀರಿನ ದಡದಲ್ಲಿ ಉಳಿಯೋಕೆ ಅಂತ ನೋಡಿದರೆ ಮಾತ್ರ ಕ್ಯಾರವಾನ್ ನಮ್ಮ ಕಡೆಗೆ ಹೊಂದುವುದಿಲ್ಲ. ಹಿನ್ನೀರಿಗೆ ಇಳಿಯುವ ದಾರಿಗಳು ತೋಟದ ದಾರಿಗಳು. ಒಂದು ಕಡೆ ಧರೆ, ಇನ್ನೊಂದು ಕಡೆ ಅಡಿಕೆ ತೋಟದ ಅಗಳು. ಹಲಸಿನ ಕೊಂಬೆ ಗಾಡಿಯ ನೆತ್ತಿಗೆ ತಾಗಿ ಕರಕರ ಅಂದಾಗ ನಮ್ಮವರು ಇಳಿದು ದೋಟಿಯಲ್ಲಿ ಕೊಂಬೆ ಎತ್ತಿ ಹಿಡಿದರು, ಡ್ರೈವರ್ ಗೇಣು ಗೇಣಾಗಿ ಮುಂದೆ ತಂದ. ಚಿತ್ತಾ ಮಳೆ ಹನಿಯುತ್ತಿತ್ತು, ಜಂಬಿಟ್ಟಿಗೆ ಮಣ್ಣು ಜಾರುತ್ತಿತ್ತು. ಬಯಲಲ್ಲಿ ನಿಲ್ಲಿಸುವ ಧೈರ್ಯ ಬರಲಿಲ್ಲ. ಕೊನೆಗೆ ಫೋನ್ ಮಾಡಿ ಏಪ್ರಿಲ್‌ನಲ್ಲಿ ಉಳಿದಿದ್ದ ಅದೇ ಕ್ಯಾಬಿನ್ ಮನೆಯ ಅಂಗಳದಲ್ಲೇ ನಿಲ್ಲಿಸಿದೆವು. ಅಲ್ಲಿ ದೊಡ್ಡ ಪ್ಲಗ್ ಇತ್ತು, ಬ್ಯಾಟರಿ ಚಾರ್ಜ್ ಆಯಿತು. ಶೌಚದ ಟ್ಯಾಂಕ್ ಖಾಲಿ ಮಾಡಲು ಅವರೇ ತಮ್ಮ ಗುಂಡಿಯ ಮುಚ್ಚಳ ತೆಗೆದುಕೊಟ್ಟರು. ಇದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ. ಆ ಟ್ಯಾಂಕನ್ನು ಹೊಳೆ ಬದಿ, ಕಾಡು ಬದಿ ಬಿಡುವುದು ಮಹಾ ತಪ್ಪು. ಡ್ರೈವರ್ ಎಲ್ಲಿ ಮಲಗುತ್ತಾನೆ ಅನ್ನುವುದನ್ನೂ ಮೊದಲೇ ಮಾತಾಡಿ. ಒಂದು ದಿನದ ಬಾಡಿಗೆಯಲ್ಲಿ ಕ್ಯಾಬಿನ್ನಿನಲ್ಲಿ ಎರಡು ರಾತ್ರಿ ಕಳೆಯಬಹುದಿತ್ತು.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ, ಏಪ್ರಿಲ್‌ನಲ್ಲಿ ಮಗಳು ಹೆಜ್ಜೆ ಎಣಿಸಿದ್ದ ಜಾಗವೆಲ್ಲ ನೀರು. ಜಗಲಿಯ ಕೆಳಗಿನ ಮೆಟ್ಟಿಲಿಗೆ ಅಲೆ ತಾಗುತ್ತಿತ್ತು. ಫೋಟೊ ಸುಳ್ಳಾಗಿರಲಿಲ್ಲ, ತಿಂಗಳು ಬೇರೆ ಇತ್ತು ಅಷ್ಟೇ. ಈಗ ನಾನು ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟ ನೋಡದೆ ಎಲ್ಲೂ ಬುಕ್ ಮಾಡುವುದಿಲ್ಲ. ಲಿಂಗನಮಕ್ಕಿ 1810ರ ಮೇಲಿದ್ದರೆ ಹೋಗಬಹುದು ಅನ್ನುವುದು ನಾವು ಇಟ್ಟುಕೊಂಡ ಲೆಕ್ಕ. ಲಕ್ಕವಳ್ಳಿಯ ಭದ್ರಾ ಜಲಾಶಯದ ಕಡೆ ಹೋಗುವವರು ಅಲ್ಲಿಯ ಗರಿಷ್ಠ ಮಟ್ಟ 186 ಅಡಿಯ ಲೆಕ್ಕದಲ್ಲಿ ನೋಡಿ.

ಟೆಂಟಿಗೆ ಅತ್ತೆ ಬರಲಿಲ್ಲ. ಹೊನ್ನೆಮರಡು ಕಡೆ, ದಿನಾ ಇದೇ ಕೆಲಸ ಮಾಡುವವರ ಜೊತೆ ಹೋದೆವು. ದಡದಲ್ಲಿ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಅಣೆಕಟ್ಟಿನ ಜಾಗ ಇಲ್ಲವೇ ಕಾಡಿನ ಜಾಗ ಆಗಿರುತ್ತದೆ. ಮೂರರಲ್ಲಿ ನೀರಿಗೆ ತೀರಾ ಹತ್ತಿರ ಮಲಗಿದ್ದು ಇಲ್ಲೇ. ನೀರು ಇಳಿಯುತ್ತಾ ಹೋದಂತೆ ಟೆಂಟನ್ನೂ ಕೆಳಗೆ ಒಯ್ಯಬಹುದು, ಕ್ಯಾಬಿನ್ನಿಗೆ ಅದು ಆಗದು. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಆಗ ನೀರು ರಾತ್ರಿಯೊಳಗೆ ಏರುತ್ತದೆ, ಉಂಬಳಗಳ ಕಾಟ ಬೇರೆ.

ಡಿಸೆಂಬರ್ ರಾತ್ರಿ ತುಂಬಾ ಚಳಿ. ಹೆದರಿ ಟೆಂಟಿನ ಜಿಪ್ ಎಲ್ಲಾ ಎಳೆದುಕೊಂಡು ಮಲಗಿದೆವು. ಬೆಳಗಿನ ಜಾವ ಮಗಳು "ಅಮ್ಮಾ, ಮಳೆ" ಅಂತ ಎದ್ದಳು. ಟಾರ್ಚ್ ಹಾಕಿ ನೋಡಿದರೆ ಬಟ್ಟೆಯ ಒಳಮೈಯೆಲ್ಲ ಹನಿ ಹನಿ. ನಮ್ಮದೇ ಉಸಿರು ತಣ್ಣಗಾಗಿ ನೀರಾಗಿ ಅವಳ ಹಣೆಗೆ ತೊಟ್ಟಿಕ್ಕುತ್ತಿತ್ತು. ಮೇಲಿನ ಕಿಂಡಿ ತೆರೆದಿಟ್ಟು ಇನ್ನೊಂದು ಕಂಬಳಿ ಹೊದೆಯಬೇಕಿತ್ತು. ಹೊರಗೆ ಬಂದರೆ ನೀರಿನ ಮೇಲೆ ಮಂಜು ಎದ್ದಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಎಲ್ಲೋ ಮಿಂಚುಳ್ಳಿ ಕೂಗಿತು. ಮಗಳು ಅರ್ಧ ಗಂಟೆ ಮಾತಾಡದೆ ಕೂತಿದ್ದಳು. ಅಂಥ ಬೆಳಗು ಉಳಿದೆರಡರಲ್ಲಿ ಸಿಗಲಿಲ್ಲ.

ಆದರೆ ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದು ಮೊದಲು ಗೊತ್ತಾದದ್ದು ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಹಾಗಾಗಿ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ತರಗೆಲೆ ಮೇಲೆ ಕೂರುವುದು, ಮಲಗುವುದು ಬೇಡ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ನಾವು ಮನೆಗೆ ಬಂದವರೇ ಬಟ್ಟೆ ಬಿಸಿನೀರಿಗೆ ಹಾಕಿ, ಮಗಳ ಕಿವಿ ಹಿಂದೆ, ಮೊಣಕಾಲ ಮಡಿಕೆ, ಕೂದಲ ಬುಡ ಎಲ್ಲಾ ಟಾರ್ಚಿನಲ್ಲಿ ನೋಡಿದೆವು. ಉಣುಗು ಸಾಸಿವೆಗಿಂತ ಸಣ್ಣದಿರುತ್ತದೆ, ಕಣ್ಣು ತಪ್ಪಿಸುತ್ತದೆ.

ಎಲ್ಲಿ ಉಳಿದರೂ ಈಜಲು ಇಳಿಯಬೇಡಿ. ಕಾಡು ನಿಂತ ಹಾಗೇ ಮುಳುಗಿದ ಜಾಗ ಅದು. ನೀರಿನಡಿ ಮರದ ಬುಡಗಳು ಇನ್ನೂ ಇವೆ, ಏಪ್ರಿಲ್‌ನಲ್ಲಿ ಕಣ್ಣಾರೆ ನೋಡಿದ್ದೇವೆ. ತೆಪ್ಪವೋ ಕಯಾಕೋ, ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ.

ಈ ಸಲ ಸ್ವಾತಿ ಮಳೆ ಕಳೆದ ಮೇಲೆ, ನವೆಂಬರ್ ಎರಡನೇ ವಾರಕ್ಕೆ ಅದೇ ಕ್ಯಾಬಿನ್ ಹೇಳಿಟ್ಟಿದ್ದೇವೆ. ಅತ್ತೆ ಒಳಗೆ ಮಂಚದ ಮೇಲೆ. ಮಗಳಿಗೂ ಅವರಪ್ಪನಿಗೂ ಜಗಲಿ ಪಕ್ಕದ ಹುಲ್ಲಿನ ಮೇಲೆ ಟೆಂಟ್, ಮೇಲಿನ ಕಿಂಡಿ ತೆರೆದಿಟ್ಟು.