ಸ್ವಂತ ಪಕ್ಷವೋ, ಪಕ್ಷೇತರವೋ?

ಮಂಡ್ಯದಲ್ಲಿ ವಿಧಾನಸಭೆಗೆ ನಿಲ್ಲುವ ಆಸೆ. ಹೊಸ ಪಕ್ಷ ಕಟ್ಟಬೇಕಾ? ಕಟ್ಟಿದ 30 ದಿನದೊಳಗೆ ದೆಹಲಿಯ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಜೊತೆಗೆ 10,000 ರೂಪಾಯಿ ಶುಲ್ಕ, ಪಕ್ಷದ ನಿಯಮಾವಳಿ, ಮತದಾರರಾಗಿರುವ ಕನಿಷ್ಠ 100 ಸದಸ್ಯರ ಅಫಿಡವಿಟ್. ಅವರು ಬೇರೆ ನೋಂದಾಯಿತ ಪಕ್ಷದಲ್ಲಿ ಇರಬಾರದು. ನಮ್ಮ ಕಡೆ ಅಂಥ ನೂರು ಜನರನ್ನು ಹುಡುಕುವುದೇ ದೊಡ್ಡ ಕೆಲಸ ಅಲ್ವಾ! ಆಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೂ ಕಾಯಬೇಕು.

ಪಕ್ಷೇತರರಿಗೆ ಈ ತಾಪತ್ರಯವಿಲ್ಲ. ಕ್ಷೇತ್ರದ 10 ಸೂಚಕರು (ನಾಮಪತ್ರಕ್ಕೆ ಸಹಿ ಹಾಕುವ ಮತದಾರರು), 10,000 ರೂಪಾಯಿ ಠೇವಣಿ ಸಾಕು. ಹೊಸ ಪಕ್ಷದ ಅಭ್ಯರ್ಥಿಗೂ ಅಷ್ಟೇ ಬೇಕು. ಚಿಹ್ನೆ ಹಂಚುವಾಗ ಮಾತ್ರ ಪಕ್ಷದ ಅಭ್ಯರ್ಥಿಗೆ ಮೊದಲ ಆದ್ಯತೆ.

ಹತ್ತಾರು ಕ್ಷೇತ್ರಗಳ ಕನಸಿದ್ದರೆ ಪಕ್ಷ ಕಟ್ಟಿ. ಒಂದೇ ಕ್ಷೇತ್ರಕ್ಕಾದರೆ ಸುಮ್ನೆ ಯಾಕೆ? 2019ರಲ್ಲಿ ಸುಮಲತಾ ಇಲ್ಲಿಂದ ಲೋಕಸಭೆಗೆ ಗೆದ್ದದ್ದು ಪಕ್ಷೇತರರಾಗಿಯೇ. ಬಿಜೆಪಿ ಬೆಂಬಲ ಇತ್ತು ಅನ್ನಿ.