ಪಾಠ ಮಾಡದ ಯೂನಿವರ್ಸಿಟಿ: ಮಾಸ್ಟ್ರಿಕ್ಟ್‌ಗೆ ಬಂದು ಎರಡೂವರೆ ವರ್ಷ ಆದ್ಮೇಲೆ

ಅಡ್ಮಿಷನ್ ಲೆಟರ್ ಬಂದ ವಾರ ಬರೆಯೋ ರಿವ್ಯೂ ಎಲ್ಲಾ ಫೈವ್ ಸ್ಟಾರ್, ಮೊದಲನೇ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾದಾಗ ಬರೆಯೋದೆಲ್ಲಾ ಒನ್ ಸ್ಟಾರ್. ಎರಡನ್ನೂ ನಂಬ್ಬೇಡಿ. ನಾನು ಅದಕ್ಕೇ ಇಷ್ಟು ದಿನ ಬರೀಲಿಲ್ಲ.

ನಾನು ಪಾವಗಡ ಕಡೆಯವಳು. ಬಿಡಿಎಸ್ ಮುಗಿಸಿ ಎರಡು ವರ್ಷ ಕ್ಲಿನಿಕ್‌ನಲ್ಲಿ ಬೇರೆಯವರ ಹಲ್ಲು ನೋಡ್ಕೊಂಡು ಕೂತಿದ್ದೆ, ಆಮೇಲೆ 2023ರ ಸೆಪ್ಟೆಂಬರ್‌ಗೆ ನೆದರ್ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಯೂನಿವರ್ಸಿಟಿಗೆ ಗ್ಲೋಬಲ್ ಹೆಲ್ತ್ ಮಾಸ್ಟರ್ಸ್ ಮಾಡೋಕೆ ಬಂದೆ. ಕೋರ್ಸ್ ಒಂದೇ ವರ್ಷ. ಅದಾದ್ಮೇಲೆ ಇಲ್ಲೇ ಉಳ್ಕೊಂಡೆ, ಈಗ ಕೆಲಸ ಇದೆ. ಹಾಗಾಗಿ ದುಡ್ಡು ಕೊಟ್ಟಿದ್ದು ದಂಡ ಆಯ್ತಾ ಇಲ್ವಾ ಅಂತ ಹೇಳೋ ಅಷ್ಟು ದೂರ ಬಂದಿದೀನಿ ಅನ್ಕೋತೀನಿ.

ಬಂದ ಮೊದಲನೇ ವಾರ ಅಪ್ಪ ಫೋನ್ ಮಾಡಿ "ಕ್ಲಾಸ್ ಹೆಂಗಿದೆ, ಮೇಷ್ಟ್ರು ಚೆನ್ನಾಗಿ ಮಾಡ್ತಾರಾ" ಅಂದ್ರು. ಏನ್ ಹೇಳ್ಲಿ? ವಾರಕ್ಕೆ ಒಂದೋ ಎರಡೋ ಲೆಕ್ಚರ್, ಮಿಕ್ಕಿದ್ದೆಲ್ಲಾ ಒಂದು ರೂಮು, ಒಂದು ಟೇಬಲ್ಲು, ಸುತ್ತ ಹನ್ನೆರಡು ಜನ, ಒಂದು ವೈಟ್‌ಬೋರ್ಡು. ಒಬ್ಬರು ಚೇರ್, ಒಬ್ಬರು ಬೋರ್ಡ್ ಮೇಲೆ ಬರೆಯೋರು, ಈ ಪಾತ್ರಗಳು ಸರದಿ ಮೇಲೆ ಬದಲಾಗ್ತವೆ. ಟ್ಯೂಟರ್ ಅಂತ ಒಬ್ಬರು ಮೂಲೇಲಿ ಕೂತಿರ್ತಾರೆ ಆದ್ರೆ ಅವರು ಪಾಠ ಮಾಡೋ ಹಾಗಿಲ್ಲ! ನೀವು ದಾರಿ ತಪ್ಪಿದ್ರೆ ಒಂದು ಪ್ರಶ್ನೆ ಕೇಳ್ತಾರೆ ಅಷ್ಟೇ. ಅಪ್ಪಂಗೆ ಇದನ್ನ ಹೇಳಿದ್ರೆ "ಇಷ್ಟು ಲಕ್ಷ ಕಟ್ಟಿ ನೀವ್ನೀವೇ ಮಾತಾಡ್ಕೊಂಡು ಬರ್ತೀರಾ" ಅಂದ್ರು. ನಿಜ ಹೇಳ್ಬೇಕಂದ್ರೆ ಆಗ ನನಗೂ ಹಂಗೇ ಅನ್ಸಿತ್ತು.

ಇದಕ್ಕೆ ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್ ಅಂತಾರೆ, ಇಲ್ಲಿ ಎಲ್ಲರ ಬಾಯಲ್ಲೂ ಪಿಬಿಎಲ್. ಹುಟ್ಟಿದ್ದು ಕೆನಡಾದ ಮೆಕ್‌ಮಾಸ್ಟರ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲಲ್ಲಿ, ಮಾಸ್ಟ್ರಿಕ್ಟ್‌ನವರು 1974ರಲ್ಲಿ ಮೆಡಿಕಲ್ ಕಾಲೇಜ್ ಶುರು ಮಾಡ್ದಾಗ ಅದನ್ನ ತಂದ್ರು, 1976ರಲ್ಲಿ ಅಧಿಕೃತವಾಗಿ ಯೂನಿವರ್ಸಿಟಿ ಆಯ್ತು, ಆಮೇಲೆ ಲಾ, ಎಕನಾಮಿಕ್ಸ್ ಎಲ್ಲದಕ್ಕೂ ಅದೇ ಪದ್ಧತಿ. ಇದೇ ದೇಶದ ಲೈಡನ್ ಯೂನಿವರ್ಸಿಟಿ 1575ರದ್ದು, ಅದರ ಪಕ್ಕ ಇದು ಕೂಸು. ಹಳೇ ಹೆಸರಿಲ್ಲ, ಹಾಗಾಗಿ ಬೇರೆ ಏನಾದ್ರೂ ಮಾಡ್ಲೇಬೇಕಿತ್ತು.

ಈಗ ಕೇಸ್ ಹೆಂಗಿರುತ್ತೆ ಅಂತ ಹೇಳ್ತೀನಿ. ಅರ್ಧ ಪುಟ ಕೊಡ್ತಾರೆ. ನಮಗೆ ಬಂದಿದ್ದು ಬಾಂಗ್ಲಾದೇಶದ್ದು. ಕೆರೆ ಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯ್ತಿದ್ರು ಅಂತ 1970ರ ದಶಕದಲ್ಲಿ ಸಿಕ್ಕಾಪಟ್ಟೆ ಕೊಳವೆಬಾವಿ ಹಾಕ್ಸಿದ್ರು, ಆಮೇಲೆ ನೋಡಿದ್ರೆ ಆ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ ಇತ್ತು. ಮೊದಲು ಗೊತ್ತಿಲ್ಲದ ಪದ ಏನೇನು ಅಂತ ಕೇಳ್ಕೋಬೇಕು, ಆಮೇಲೆ ಸಮಸ್ಯೆ ಏನು ಅಂತ ಒಂದು ವಾಕ್ಯದಲ್ಲಿ ಹೇಳ್ಬೇಕು, ಆಮೇಲೆ ತಲೇಲಿ ಇರೋದನ್ನೆಲ್ಲಾ ಬೋರ್ಡ್ ಮೇಲೆ ಸುರೀಬೇಕು, ಅದನ್ನ ಜೋಡಿಸ್ಬೇಕು, ನಮಗೆ ಏನು ಗೊತ್ತಿಲ್ವೋ ಅದನ್ನ ಕಲಿಯೋ ಗುರಿ ಅಂತ ಬರ್ಕೊಂಡು ಮನೆಗೆ ಹೋಗಿ ಓದಿ ಮುಂದಿನ ಮೀಟಿಂಗ್‌ಗೆ ಬಂದು ಹೇಳ್ಬೇಕು. ಒಟ್ಟು ಏಳು ಹಂತ, ಡಚ್ಚರು ಇದಕ್ಕೆ ಏಳು ಜಿಗಿತ ಅಂತಾರೆ.

ನಾನು ಮೂರು ವಾರ ಬಾಯೇ ಬಿಟ್ಟಿರಲಿಲ್ಲ, ಅವತ್ತು ಬಿಟ್ಟೆ. ನಮ್ಮೂರಲ್ಲೂ ಬೋರ್‌ವೆಲ್ ಕಥೆ ಇದೇನೇ, ಆದ್ರೆ ಫ್ಲೋರೈಡ್, ನಮ್ಮ ಕಡೆ ಮಕ್ಕಳ ಹಲ್ಲು ನೋಡಿದ್ರೇ ಗೊತ್ತಾಗುತ್ತೆ ಅಂದೆ. ಎಲ್ಲರೂ ತಿರುಗಿ ನೋಡಿದ್ರು. ಎದುರಿಗೆ ಕೂತಿದ್ದ ಜರ್ಮನ್ ಹುಡುಗಿ, ಅವಳು ಓದಿದ್ದು ಪೊಲಿಟಿಕಲ್ ಸೈನ್ಸು, "ಆದ್ರೆ ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ ಒಳ್ಳೇದಲ್ವಾ? ಮತ್ತೆ ಹಲ್ಲು ಯಾಕೆ ಕಂದಾಗುತ್ತೆ?" ಅಂದ್ಳು. ನಾನು ಡೆಂಟಿಸ್ಟು. ಐದು ವರ್ಷ ಓದಿದೀನಿ, ಫ್ಲೋರೈಡ್ ಜಾಸ್ತಿಯಾಗಿ ಬರೋ ಫ್ಲೋರೋಸಿಸ್ ಮೇಲೆ ಹತ್ತು ಮಾರ್ಕ್ಸ್ ಉತ್ತರ ಎಷ್ಟು ಸಲ ಬರ್ದಿದೀನೋ, ಕುಡಿಯೋ ನೀರಲ್ಲಿ ಫ್ಲೋರೈಡ್‌ಗೆ ಡಬ್ಲ್ಯೂಎಚ್‌ಒ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ ಅನ್ನೋದು ನಿದ್ದೇಲೂ ಹೇಳ್ತೀನಿ. ಎನಾಮಲ್ ಹೈಪೋಮಿನರಲೈಸೇಷನ್ ಅಂದೆ. "ಹಂಗಂದ್ರೆ?" ಅಂದ್ಳು. ಇನ್ನೊಂದ್ಸಲ ಅದನ್ನೇ ಸ್ವಲ್ಪ ಜೋರಾಗಿ ಅಂದೆ. ಟ್ಯೂಟರ್ ಏನೂ ಮಾತಾಡ್ಲಿಲ್ಲ. ಬೋರ್ಡ್ ಹತ್ರ ಇದ್ದವನು ನಾನು ಹೇಳಿದ ಪದ ಬರೆದು ಮುಂದೆ ಒಂದು ದೊಡ್ಡ ಪ್ರಶ್ನೆ ಚಿಹ್ನೆ ಹಾಕ್ದ.

ಅವತ್ತು ರಾತ್ರಿ ಆ ಚಿಹ್ನೆ ನೆನಪಾಗಿ ನಿದ್ದೆ ಬರ್ಲಿಲ್ಲ. ಕೂತು ಮತ್ತೆ ಓದಿದೆ, ಪರೀಕ್ಷೆಗಲ್ಲ, ಅವಳಿಗೆ ಹೇಳೋಕೆ. ಹಲ್ಲು ದವಡೆ ಒಳಗೆ ಇನ್ನೂ ಕಟ್ಟಿಕೊಳ್ತಾ ಇರೋ ವಯಸ್ಸಲ್ಲಿ ಜಾಸ್ತಿ ಫ್ಲೋರೈಡ್ ಮೈಗೆ ಹೋದ್ರೆ ಎನಾಮಲ್, ಅಂದ್ರೆ ಹಲ್ಲಿನ ಹೊರಪದರ, ಸರಿಯಾಗಿ ಗಟ್ಟಿಯಾಗಲ್ಲ, ಸಣ್ಣ ಸಣ್ಣ ತೂತು ಉಳಿಯುತ್ತೆ, ಆಮೇಲೆ ಅದರೊಳಗೆ ಬಣ್ಣ ಹಿಡಿಯುತ್ತೆ. ಹಲ್ಲು ಕಟ್ಟಿ ಮುಗಿದ್ಮೇಲೆ ಅದೇ ನೀರು ಕುಡಿದ್ರೂ ಹಲ್ಲಿನ ಬಣ್ಣಕ್ಕೆ ಏನೂ ಆಗಲ್ಲ. ಓದ್ತಾ ಓದ್ತಾ ಥಟ್ ಅಂತ ಹೊಳೀತು, ನಮ್ಮಣ್ಣಂದು ಕಂದು ಹಲ್ಲು, ಅವನು ಆ ನೀರಲ್ಲೇ ಹುಟ್ಟಿ ಬೆಳೆದೋನು, ಅತ್ತಿಗೆ ಶಿವಮೊಗ್ಗದಿಂದ ಮದುವೆಯಾಗಿ ಬಂದೋಳು, ಹದಿನೈದು ವರ್ಷದಿಂದ ಅದೇ ನೀರು ಕುಡೀತಾಳೆ, ಅವಳ ಹಲ್ಲು ಬೆಳ್ಳಗೆ ಹೊಳೀತವೆ. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಮುಂದಿನ ಮೀಟಿಂಗ್‌ನಲ್ಲಿ ಅಣ್ಣ ಅತ್ತಿಗೆ ಕಥೇನೇ ಹೇಳಿದೆ, ಜರ್ಮನ್ ಹುಡುಗಿಗೆ ಒಂದೇ ಸಲಕ್ಕೆ ಅರ್ಥ ಆಯ್ತು. ನಾನು ಕಟ್ಟಿದ ಫೀಸಲ್ಲಿ ಅರ್ಧ ವಸೂಲಾಗಿದ್ದು ಆ ಎರಡು ಮೀಟಿಂಗ್‌ನಲ್ಲಿ.

ಮಿಕ್ಕ ಅರ್ಧದ ಬಗ್ಗೆ ಗೊಣಗಾಟ ಇದೆ. ಈ ಪದ್ಧತಿ ಪೂರ್ತಿ ಗುಂಪಿನ ಮೇಲೆ ನಿಂತಿದೆ. ಗುಂಪು ಚೆನ್ನಾಗಿದ್ರೆ ಸ್ವರ್ಗ, ಇಲ್ಲಾಂದ್ರೆ ಎರಡು ಗಂಟೆ ಹಿಂಸೆ. ಒಂದು ಬ್ಲಾಕ್‌ನಲ್ಲಿ, ಅಂದ್ರೆ ಕೆಲವು ವಾರ ನಡೆಯೋ ಒಂದು ವಿಷಯದಲ್ಲಿ, ನನ್ ಪಕ್ಕ ಕೂರ್ತಿದ್ದ ಮಹಾನುಭಾವ ಒಂದು ಪೇಪರೂ ಓದದೆ ಲ್ಯಾಪ್‌ಟಾಪ್‌ನಲ್ಲಿ ಚಾಟ್‌ಜಿಪಿಟಿ ಕೊಟ್ಟಿದ್ದನ್ನ ಗಂಭೀರವಾಗಿ ಓದ್ತಿದ್ದ, ಮರುಪ್ರಶ್ನೆ ಕೇಳಿದ್ರೆ "ಗುಡ್ ಪಾಯಿಂಟ್" ಅಂದು ಸುಮ್ಮನಾಗ್ತಿದ್ದ. ಇನ್ನೊಂದು, ಬುನಾದಿ ಗಟ್ಟಿ ಇಲ್ದೆ ಬಂದ್ರೆ ಚರ್ಚೇಲಿ ಕಲ್ತಿದ್ದು ಅಲ್ಲೊಂದು ಇಲ್ಲೊಂದು ತುಣುಕಾಗೇ ಉಳ್ಕೊಳುತ್ತೆ. ಸ್ಟಾಟಿಸ್ಟಿಕ್ಸ್‌ನ ಯಾರಾದ್ರೂ ಬೋರ್ಡ್ ಮೇಲೆ ನಿಧಾನಕ್ಕೆ ಹೇಳ್ಕೊಟ್ಟಿದ್ರೆ ಸಾಕಿತ್ತು ಅಂತ ಎಷ್ಟೋ ಸಲ ಅನ್ಸಿದೆ. ನಮ್ಮ ಮೇಷ್ಟ್ರುಗಳನ್ನ ಬೈಯೋದು ಸುಲಭ, ಆದ್ರೆ ಅವರು ತುಂಬಿಸಿ ಕಳ್ಸಿದ್ದು ತಲೇಲಿ ಇದ್ದಿದ್ದಕ್ಕೇ ನಾನು ಇಲ್ಲಿ ಮಾತಾಡೋಕಾಗಿದ್ದು.

ಮಾರ್ಕ್ಸ್ ವಿಷ್ಯ ಬೇಗ ಮುಗಿಸ್ತೀನಿ: ಹತ್ತಕ್ಕೆ ಲೆಕ್ಕ, ಐದೂವರೆಗೆ ಪಾಸು, ಏಳು ಬಂದ್ರೆ ಪಾರ್ಟಿ, ಹತ್ತು ಬಂದೋರ್ನ ನಾನ್ ನೋಡಿಲ್ಲ. ಊರಲ್ಲಿ ಡಿಸ್ಟಿಂಕ್ಷನ್ ತಗೊಂಡೋರಿಗೆ ಮೊದಲ 6.5 ಎದೆ ಒಡೆಯುತ್ತೆ. ಮೆಡಿಕಲ್ ಓದೋ ಫ್ರೆಂಡ್ ಒಬ್ಬಳ ಪ್ರೋಗ್ರೆಸ್ ಟೆಸ್ಟ್ ಕಥೆ ಇನ್ನೂ ಮಜ. ಮೊದಲ ವರ್ಷದೋರಿಗೂ ಆರನೇ ವರ್ಷದೋರಿಗೂ ಒಂದೇ ಪರೀಕ್ಷೆ, ವರ್ಷಕ್ಕೆ ನಾಲ್ಕು ಸಲ, ಹಳೇ ಪೇಪರ್ ರೂಪದಲ್ಲಿ 200 ಪ್ರಶ್ನೆ ಇರ್ತಿದ್ವಂತೆ. ಆಗ ಉತ್ತರಗಳ ಸಾಲಲ್ಲಿ "ಗೊತ್ತಿಲ್ಲ" ಅನ್ನೋದೂ ಒಂದು ಆಯ್ಕೆ ಇತ್ತಂತೆ! ಸುಮ್ನೆ ಊಹೆ ಹೊಡೆದು ತಪ್ಪಾದ್ರೆ ಮಾರ್ಕ್ಸ್ ಕಟ್ ಆಗ್ತಿತ್ತಂತೆ. ಅಂದಾಜಿಗೆ ಟಿಕ್ ಹಾಕದೆ ನಾವು ಯಾವ ಸಿಇಟಿ ಬರ್ದಿದೀವಿ ಹೇಳಿ?

ಇಂಟರ್‌ನ್ಯಾಷನಲ್ ಅನ್ನೋದು ಬ್ರೋಷರ್ ಮಾತಲ್ಲ, ಇಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟೂಡೆಂಟ್ಸ್ ಹೊರದೇಶದೋರೇ. ಬೆಲ್ಜಿಯಂ ಕೂಗಳತೆ ದೂರ, ಜರ್ಮನಿಯ ಆಖನ್‌ಗೆ ಬಸ್ಸಲ್ಲಿ ಸುಮಾರು ಒಂದು ಗಂಟೆ. ಯೂರೋಪಿಯನ್ ಯೂನಿಯನ್ ಹುಟ್ಟಿದ 1992ರ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇದೇ ಊರಲ್ಲಿ, ಮಾಸ್ ನದಿ ದಂಡೆ ಮೇಲೆ. ನನ್ ಕೋರ್ಸ್‌ನ ಪಾಲುದಾರರಲ್ಲಂತೂ ಮೆಕ್‌ಮಾಸ್ಟರ್ ಜೊತೆ ನಮ್ಮ ಮಣಿಪಾಲವೂ ಇದೆ. ಆನ್‌ಲೈನ್ ಮೀಟಿಂಗ್ ಅಂದ್ರೆ ಕೆನಡಾದೋರಿಗೆ ಬೆಳಗಿನ ಕಾಫಿ, ನನಗೆ ಮಧ್ಯಾಹ್ನದ ತೂಕಡಿಕೆ, ಮಣಿಪಾಲದೋರಿಗೆ ಸಂಜೆ. ಪಾವಗಡದಿಂದ ಮಣಿಪಾಲದ ಹುಡುಗಿ ಜೊತೆ ಕನ್ನಡ ಮಾತಾಡೋಕೆ ಏಳು ಸಾವಿರ ಕಿಲೋಮೀಟರ್ ಸುತ್ತು ಹಾಕಿ ಬಂದಂಗಾಯ್ತು ನೋಡಿ. ಆದ್ರೆ ಊಟದ ಹೊತ್ತಿಗೆ ಜರ್ಮನ್ನರು ಜರ್ಮನ್ನರ ಜೊತೆ, ಡಚ್ಚರು ಡಚ್ಚರ ಜೊತೆ, ನಾವು ನಮ್ಮ ಚಿತ್ರಾನ್ನದ ಡಬ್ಬಿ ಜೊತೆ. ಅದನ್ನ ಯಾವ ಪದ್ಧತೀನೂ ಬದಲಾಯಿಸಿಲ್ಲ.

ದುಡ್ಡು: ನಾನು ಸೇರಿದ ವರ್ಷ ಯೂರೋಪಿಯನ್ ಹುಡುಗರಿಗೆ ಸರ್ಕಾರ ನಿಗದಿ ಮಾಡಿದ ಫೀಸು 2,314 ಯೂರೋ. ನಮ್ಮಂಥೋರಿಗೆ ಅದರ ಹಲವು ಪಟ್ಟು. ಅದೇ ಟೇಬಲ್ಲು, ಅದೇ ಬೋರ್ಡು. ಪಾರ್ಟ್ ಟೈಮ್ ಮಾಡಿ ತೀರಿಸ್ತೀನಿ ಅನ್ನೋರು ಕೇಳಿಸ್ಕೊಳ್ಳಿ, ವಾರಕ್ಕೆ 16 ಗಂಟೆ ಅಷ್ಟೇ, ಇಲ್ಲಾಂದ್ರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಫುಲ್ ಟೈಮ್, ಅದಕ್ಕೂ ಕೆಲಸ ಕೊಡೋರು ಪರ್ಮಿಟ್ ತೆಗೀಬೇಕು.

ಮನೆ ಅದಕ್ಕಿಂತ ದೊಡ್ಡ ತಲೆನೋವು. ಒಬ್ಬ ಏಜೆಂಟ್‌ಗೆ ಅಡ್ವಾನ್ಸ್ ಕಳ್ಸಿ, ಬಂದು ನೋಡಿದ್ರೆ ಅದೇ ರೂಮನ್ನ ಇನ್ನಿಬ್ಬರಿಗೂ ತೋರಿಸಿದ್ದ, ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ. ಕೊನೆಗೆ ಸಿಕ್ಕಿದ್ದು ಹೇರ್ಲೆನ್‌ನಲ್ಲಿ, ಅಲ್ಲಿಂದ ದಿನಾ ಟ್ರೈನ್. ಪಕ್ಕದ ಮನೆ ಅಜ್ಜ ಕಲ್ಲಿದ್ದಲು ಗಣೀಲಿ ಕೆಲಸ ಮಾಡಿದೋರು. 1965ರಲ್ಲಿ ಮಂತ್ರಿ ಇದೇ ಊರಿಗೆ ಬಂದು ಗಣಿ ಮುಚ್ತೀವಿ ಅಂದ್ರಂತೆ, 1974ರ ಕೊನೆಗೆ ಕಡೇ ಗಣಿ ಮುಚ್ತು. ಬದಲಿಗೆ ಈ ಭಾಗಕ್ಕೆ ಸಿಕ್ಕಿದ್ರಲ್ಲಿ ಯೂನಿವರ್ಸಿಟೀನೂ ಒಂದು. "ನಮ್ಮ ಕೆಲಸ ಹೋಗಿದ್ದಕ್ಕೇ ನೀನು ಇಲ್ಲಿಗೆ ಬಂದಿದ್ದು" ಅಂತ ನಕ್ಕೊಂಡೇ ಅಂದ್ರು ಅಜ್ಜ, ಜೊತೆಗೆ ಒಂದು ತುಂಡು ಚೆರ್ರಿ ವ್ಲಾಯ್ ಕೊಟ್ರು. ಆ ಸಿಹಿ ಇಲ್ಲಿಯ ಹೋಳಿಗೆ ಅನ್ಕೊಳ್ಳಿ.

ಬಿಡಿಎಸ್ ಮಾಡಿರೋರಿಗೆ: ಈ ಡಿಗ್ರಿ ತಗೊಂಡ್ರೆ ಇಲ್ಲಿ ಹಲ್ಲು ಕೀಳೋಕಾಗಲ್ಲ, ಅದಕ್ಕೆ ಬಿಐಜಿ, ಅಂದ್ರೆ ಇಲ್ಲಿಯ ಸರ್ಕಾರದ ವೈದ್ಯಕೀಯ ವೃತ್ತಿಗಳ ಪಟ್ಟಿ, ಅದರಲ್ಲಿ ರಿಜಿಸ್ಟ್ರೇಷನ್ ಬೇಕು, ಅದು ಬೇರೆಯೇ ಯುದ್ಧ. ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ ಒಂದು ವರ್ಷದ ಪರ್ಮಿಟ್ ಸಿಗುತ್ತೆ. ನನಗೆ ಕ್ಲಿನಿಕಲ್ ಟ್ರಯಲ್ ಡೇಟಾ ಕೆಲಸ ಸಿಗೋಕೆ ಏಳು ತಿಂಗಳು ಹಿಡೀತು, ಕ್ಯಾಂಪಸ್ಸಲ್ಲಿ ಎಲ್ಲಾ ಇಂಗ್ಲಿಷು, ಹೊರಗೆ ಬಂದ ತಕ್ಷಣ ಡಚ್ ಬರುತ್ತಾ ಅಂತಾರೆ. ಇಂಗ್ಲಿಷ್ ಕೋರ್ಸು ಕಮ್ಮಿ ಮಾಡ್ಬೇಕು ಅನ್ನೋ ರಾಜಕೀಯಾನೂ ಇಲ್ಲಿ ಜೋರಾಗೇ ನಡೆದಿದೆ, ಹಾಗಾಗಿ ಬರೋ ಮುಂಚೆ ನಿಮ್ಮ ಕೋರ್ಸ್ ಯಾವ ಭಾಷೇಲಿ ಅಂತ ಆ ವರ್ಷದ ಪುಟದಲ್ಲೇ ನೋಡಿ.

ಸ್ಟಾರ್ ಕೊಡಲೇಬೇಕಂದ್ರೆ ಕಲಿಸೋ ರೀತಿಗೆ ನಾಲ್ಕೂವರೆ, ಹಾಕಿದ ದುಡ್ಡಿಗೆ ಮೂರು.

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿ "ಅಕ್ಕಾ, ನಾನೂ ಅಪ್ಲೈ ಮಾಡ್ಲಾ" ಅಂದ. ಅವನು ನರ್ಸಿಂಗ್ ಕೊನೇ ವರ್ಷ. ನಿನ್ನ ಪುಸ್ತಕದ ಯಾವುದಾದ್ರೂ ಒಂದು ಪುಟ ಓದು, ಮುಚ್ಚಿಡು, ನಿಮ್ಮಮ್ಮಂಗೆ ಅರ್ಥ ಆಗೋ ಹಂಗೆ ಹೇಳು, ಅವರು ಏನೇನು ಕೇಳ್ತಾರೆ ಅಂತ ಬರ್ಕೊಂಡು ನಂಗೆ ಫೋನ್ ಮಾಡು ಅಂದೆ. ನಾಲ್ಕು ದಿನ ಬಿಟ್ಟು ಚಿಕ್ಕಮ್ಮನೇ ಮಾಡಿದ್ರು, "ಅವನಿಗೆ ಏನ್ ಹೇಳ್ಕೊಟ್ಟೆ, ರಾತ್ರಿ ಹನ್ನೊಂದಾದ್ರೂ ಇನ್ಸುಲಿನ್ ಇನ್ಸುಲಿನ್ ಅಂತ ನನ್ ತಲೆ ತಿಂತಾನೆ" ಅಂತ.