ಹೆಡ್ ಹಂಟರ್ಸ್: ಗಿಟಾರ್ ಇಲ್ಲದೆಯೂ ಮೈತುಂಬಿದ ಫಂಕ್

ಜಾಝ್‌ನ ಮನೋಧರ್ಮಕ್ಕೆ ಫಂಕ್‌ನ ಕುಣಿಸುವ ಲಯ ಬೆರೆಸಿದ ಜಾಝ್-ಫಂಕ್ ಅನ್ನು ಯಾವ ಆಲ್ಬಮ್‌ನಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಹುದಾದ ಹೆಸರು, ಅಮೆರಿಕದ ಪಿಯಾನೊ ವಾದಕ ಹರ್ಬಿ ಹ್ಯಾನ್ಕಾಕ್ 1973ರಲ್ಲಿ ತಂದ ‘ಹೆಡ್ ಹಂಟರ್ಸ್’. ನಾಲ್ಕೇ ಟ್ರ್ಯಾಕ್, ಒಟ್ಟು ನಲವತ್ತೊಂದೂವರೆ ನಿಮಿಷ. ಹಿಂದಿನ ತಂಡದಿಂದ ಹ್ಯಾನ್ಕಾಕ್ ಉಳಿಸಿಕೊಂಡದ್ದು ಸ್ಯಾಕ್ಸೊಫೋನ್ ವಾದಕ ಬೆನ್ನಿ ಮೌಪಿನ್ ಒಬ್ಬರನ್ನೇ. ಬಾಸ್‌ಗೆ ಪಾಲ್ ಜಾಕ್ಸನ್, ಡ್ರಮ್ಸ್‌ಗೆ ಹಾರ್ವಿ ಮೇಸನ್, ತಾಳವಾದ್ಯಗಳಿಗೆ ಬಿಲ್ ಸಮ್ಮರ್ಸ್ ಹೊಸದಾಗಿ ಬಂದರು. ಗಿಟಾರ್ ನುಡಿಸುವವರು ಯಾರೂ ಇಲ್ಲ. ಫಂಕ್‌ನಲ್ಲಿ ಗಿಟಾರ್ ಮಾಡುವ ಚುರುಕು ಕುಟ್ಟಾಟವನ್ನೆಲ್ಲ ಹ್ಯಾನ್ಕಾಕ್ ಅವರ ಹೋನರ್ ಡಿ6 ಕ್ಲಾವಿನೆಟ್ ಎಂಬ ಎಲೆಕ್ಟ್ರಿಕ್ ಕೀಬೋರ್ಡ್ ವಹಿಸಿಕೊಂಡಿದೆ.

ಮೊದಲ ಟ್ರ್ಯಾಕ್ ‘ಕಮೀಲಿಯನ್’ 15 ನಿಮಿಷ 41 ಸೆಕೆಂಡಿನದು. ಆಲ್ಬಮ್‌ನ ಗುಟ್ಟೆಲ್ಲ ಅದರ ಆರಂಭದಲ್ಲೇ ಇದೆ. ಮೊದಲು ಕೇಳುವ ಬಾಸ್ ತಂತಿಯದಲ್ಲ, ಎಆರ್‌ಪಿ ಒಡಿಸ್ಸಿ ಸಿಂಥಸೈಜರ್‌ನದು. ಮೂರು ಸ್ವರ ಒಂದೊಂದೇ ಅರ್ಧ ಮೆಟ್ಟಿಲು ಏರಿ ಬಿ ಫ್ಲ್ಯಾಟ್ ಎಂಬ ಸ್ವರ ಮುಟ್ಟುತ್ತವೆ, ಅದೇ ಆಕಾರ ಮತ್ತೆ ಇ ಫ್ಲ್ಯಾಟ್‌ಗೆ ಏರುತ್ತದೆ, ಅಷ್ಟೇ. ಹೊಸಬರು ಎಡವುವುದೂ ಇಲ್ಲೇ. ಡ್ರಮ್ಸ್ ಇನ್ನೂ ಬಂದಿರುವುದಿಲ್ಲವಾದ್ದರಿಂದ ಆ ಏರಿಕೆಯ ಮೊದಲ ಸ್ವರವನ್ನೇ ತಾಳದ ಮೊದಲ ಪೆಟ್ಟು ಎಂದು ಕಿವಿ ಹಿಡಿದುಬಿಡುತ್ತದೆ. ನಿಜವಾಗಿ ಆ ಏರಿಕೆ ಶುರುವಾಗುವುದು ತಾಳದ ಮೊದಲ ಪೆಟ್ಟಿಗಿಂತ ಮುಂಚೆಯೇ. ಏರಿ ಹೋಗಿ ನಿಲ್ಲುವ ಬಿ ಫ್ಲ್ಯಾಟೇ ‘ಒಂದು’. ಮೇಸನ್ ಒಳಗೆ ಬಂದಾಗ ತಾಳ ತಲೆಕೆಳಗಾದಂತೆ ಅನಿಸಿದರೆ ಹಿಂದಕ್ಕೆ ಹೋಗಿ ಬಿ ಫ್ಲ್ಯಾಟ್‌ನಿಂದ ಎಣಿಸಿ, ಸರಿಹೋಗುತ್ತದೆ.

ಆಮೇಲೆ ಜಾಕ್ಸನ್ ತಮ್ಮ ಬಾಸ್ ಗಿಟಾರನ್ನು ಮೇಲಿನ ಸ್ವರಗಳಲ್ಲಿ, ಹೆಚ್ಚುಕಡಿಮೆ ರಿದಂ ಗಿಟಾರಿನಂತೆ ನುಡಿಸುತ್ತಾರೆ. ಕೆಳಗಿನ ಜಾಗವನ್ನು ಸಿಂಥ್ ಆಗಲೇ ತುಂಬಿದೆಯಲ್ಲ! ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗುವುದಿಲ್ಲ. ಪ್ರತಿಯೊಬ್ಬರದೂ ಪುಟ್ಟ ತುಣುಕು, ನಡುವೆ ಧಾರಾಳ ಬಿಡುವು. ಇಷ್ಟು ಹೊತ್ತು ಎರಡೇ ಕಾರ್ಡ್‌ಗಳ (ಸ್ವರಗುಚ್ಛಗಳ) ಮೇಲೆ ಸುತ್ತಿದರೂ ಬೇಸರ ಬರದಿರುವುದು ಈ ಸಂಯಮದಿಂದ. ಅರ್ಧ ದಾರಿಯಲ್ಲಿ ಬಾಸ್ ಸಾಲು ಕಳಚಿ, ಫೆಂಡರ್ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊದ ಸೋಲೊ ತೆರೆದುಕೊಳ್ಳುವ ಭಾಗ ನನ್ನ ಪಾಲಿಗೆ ಆಲ್ಬಮ್‌ನ ಶಿಖರ.

‘ವಾಟರ್‌ಮೆಲನ್ ಮ್ಯಾನ್’ ಹ್ಯಾನ್ಕಾಕ್ 1962ರಲ್ಲೇ ಧ್ವನಿಮುದ್ರಿಸಿದ್ದ ಹಾಡು. ಇಲ್ಲಿ ಗುರುತೇ ಸಿಗದಷ್ಟು ನಿಧಾನ. ಶುರುವಿನಲ್ಲಿ, ಮತ್ತೆ ಕೊನೆಯಲ್ಲಿ ಕೇಳುವ ಕೊಳಲಿನಂಥ ಸದ್ದು ಸಮ್ಮರ್ಸ್ ಬಿಯರ್ ಬಾಟಲಿಗೆ ಊದಿದ್ದು, ಮಧ್ಯ ಆಫ್ರಿಕಾದ ಪಿಗ್ಮಿ ಜನರ ‘ಹಿಂಡೆವ್ಹು’ ಶೈಲಿಯಲ್ಲಿ.

‘ಸ್ಲೈ’ ಹೆಸರು ಫಂಕ್ ಗಾಯಕ ಸ್ಲೈ ಸ್ಟೋನ್‌ಗೆ ಸಲ್ಲಿಸಿದ ಗೌರವ. ವೇಗ ದಿಢೀರನೆ ಜಿಗಿಯುವ ಈ ಟ್ರ್ಯಾಕ್‌ನಲ್ಲೇ ತಂಡದ ಜಾಝ್ ತಾಲೀಮು ಬಯಲಾಗುವುದು. ಕೊನೆಯ ‘ವೇನ್ ಮೆಲ್ಟರ್’ ಮಂದಗತಿಯದು, ಮೌಪಿನ್ ಅವರ ಬಾಸ್ ಕ್ಲಾರಿನೆಟ್ಟಿಗಾಗಿಯೇ ಕೇಳಬೇಕು. ಅದರ ಸಿಂಥ್ ಸ್ಟ್ರಿಂಗ್ಸ್ ಮಾತ್ರ ಇಂದು ಕೊಂಚ ತೆಳುವಾಗಿ ಕೇಳಿಸುತ್ತವೆ.

ಫೋನಿನ ಸ್ಪೀಕರ್‌ನಲ್ಲಿ ಈ ಆಲ್ಬಮ್ ಕೇಳಬೇಡಿ. ಒಡಿಸ್ಸಿಯ ತಳಸ್ವರಗಳನ್ನು ಅಷ್ಟು ಚಿಕ್ಕ ಸ್ಪೀಕರ್ ಎತ್ತಲಾರದು, ಉಳಿಯುವುದು ಬರೀ ಟಿಕ್‌ಟಿಕ್. ಹೆಡ್‌ಫೋನ್ ಆದೀತು, ಆದರೆ ಬಾಸ್ ಬೂಸ್ಟ್ ಆಫ್ ಇರಲಿ. ಇಲ್ಲದಿದ್ದರೆ ಸಿಂಥ್ ಬಾಸ್ ಊದಿಕೊಂಡು ಮೇಸನ್ ಅವರ ಕಿಕ್ ಡ್ರಮ್ ಅದರಡಿ ಹೂತುಹೋಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ‘ಕಮೀಲಿಯನ್’ನ ಕತ್ತರಿಸಿದ ಸಿಂಗಲ್ ಆವೃತ್ತಿಯೂ ಸಿಗುತ್ತದೆ, ಅವಧಿ ನೋಡಿ ಒತ್ತಿ.

ಎಲ್‌ಪಿ, ಅಂದರೆ ವಿನೈಲ್ ತಟ್ಟೆ, ಕೊಳ್ಳುವವರಿಗೊಂದು ಮಾತು. ಮೊದಲ ಬದಿ ಇಪ್ಪತ್ತೆರಡು ನಿಮಿಷ ದಾಟುತ್ತದೆ. ತಟ್ಟೆಯ ಒಳಸುತ್ತಿಗೆ ಹೋದಂತೆ ಗೀರು (ಸದ್ದು ಕೊರೆದಿರುವ ಜಾಡು) ಸೂಜಿಯಡಿ ನಿಧಾನವಾಗಿ ಸರಿಯುವುದರಿಂದ ಮೇಲಿನ ಸ್ವರಗಳು ಅಲ್ಲಿ ಬೇಗ ಒಡೆಯುತ್ತವೆ. ‘ವಾಟರ್‌ಮೆಲನ್ ಮ್ಯಾನ್’ ಬರುವುದು ಸರಿಯಾಗಿ ಆ ಜಾಗದಲ್ಲೇ. ಹಳೆಯ ಪ್ರತಿಯಾದರೆ ಕೊಳ್ಳುವ ಮೊದಲು ಆ ಹಾಡಿನ ಕೊನೆಯನ್ನು ಹಾಕಿಸಿ ಕೇಳಿ. ಬಾಟಲಿಯ ಸದ್ದು ಸೀಳಿದರೆ ಸೂಜಿಯ ಜೋಡಣೆ ತಪ್ಪಿರಬಹುದು, ಇಲ್ಲವೇ ಗೀರು ಸವೆದಿರಬಹುದು. ಜೋಡಣೆ ಸರಿಯಿರುವ ಇನ್ನೊಂದು ಟರ್ನ್‌ಟೇಬಲ್‌ನಲ್ಲೂ ಹಾಗೇ ಕೇಳಿಸಿದರೆ ಆ ಪ್ರತಿ ಬೇಡ.